'ಮಂಗರ್' ಅಂದ್ರೆ ಮಾರುವವನಾ, ಬಯ್ಗುಳವಾ? ಕನ್ನಡದಲ್ಲಿ ಇದಕ್ಕೆ ಯಾವ ಪ್ರತ್ಯಯ ಹೊಂದುತ್ತೆ?

ಚಿಂತಾಮಣಿ_ಟೀಚರ್:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಕಡೆ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳೇ ಜಾಸ್ತಿ. ಮೊನ್ನೆ ಪಾಠದಲ್ಲಿ 'ವಾರ್‌ಮಂಗರ್' ಅನ್ನೋ ಪದ ಬಂತು. ಯುದ್ಧಕೋರ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ಫಿಶ್‌ಮಂಗರ್ ಅಂದ್ರೆ ಮೀನು ಮಾರುವವನು ಅಂತ ಡಿಕ್ಷನರಿಯಲ್ಲಿದೆ. ಹಾಗಾದ್ರೆ ಇವನು ಯುದ್ಧ ಮಾರುವವನಾ?" ಅಂದಳು. ಎಷ್ಟು ಸರಿಯಾದ ಪ್ರಶ್ನೆ ಅಲ್ವಾ!

ನನಗೆ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಮಂಗರ್ ತಾನಾಗಿಯೂ ಒಂದು ಪದ, ಬೇರೆ ಪದದ ಬಾಲಕ್ಕೆ ಅಂಟುವ ಪ್ರತ್ಯಯವೂ ಹೌದು. ಹಳೆಯ ಇಂಗ್ಲಿಷಿನಲ್ಲಿ ಇದು 'ಮಾಂಗೆರೆ'. ವ್ಯಾಪಾರಿ ಅಂತ ಅರ್ಥ. ಸಾವಿರ ವರ್ಷಕ್ಕೂ ಹಳೆಯದು. ಅದಕ್ಕೂ ಹಿಂದೆ ಲ್ಯಾಟಿನ್‌ನ 'ಮಾಂಗೊ' ಇದೆ. ಅದೂ ವ್ಯಾಪಾರಿಯೇ. ಗುಲಾಮರನ್ನು ಮಾರುವವರಿಗೂ, ಸರಕಿಗೆ ಬಣ್ಣ ಬಳಿದು ಚೆನ್ನಾಗಿ ಕಾಣುವ ಹಾಗೆ ಮಾಡಿ ಮಾರುವವರಿಗೂ ರೋಮನ್ನರು ಆ ಪದ ಬಳಸುತ್ತಿದ್ದರು.

ಇಂಗ್ಲೆಂಡಿನಲ್ಲಿ ಮೊದಮೊದಲು ಇದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೀನು ಮಾರಿದರೆ ಫಿಶ್‌ಮಂಗರ್, ಕಬ್ಬಿಣದ ಸಾಮಾನು ಮಾರಿದರೆ ಐರನ್‌ಮಂಗರ್, ಗಿಣ್ಣು ಮಾರಿದರೆ ಚೀಸ್‌ಮಂಗರ್. ಲಂಡನ್ನಿನಲ್ಲಿ ಫಿಶ್‌ಮಂಗರ್‌ಗಳ ಸಂಘಕ್ಕೆ 1272ರಲ್ಲೇ ರಾಜ ಒಂದನೇ ಎಡ್ವರ್ಡ್ ಸನ್ನದು ಕೊಟ್ಟಿದ್ದ. ಐರನ್‌ಮಂಗರ್‌ಗಳಿಗೆ 1463ರಲ್ಲಿ ಸಿಕ್ಕಿತು. ಅಲ್ಲಿನ 12 ದೊಡ್ಡ ವರ್ತಕ ಸಂಘಗಳಲ್ಲಿ ಇವೆರಡೂ ಇವತ್ತಿಗೂ ಇವೆ. ಅಂದರೆ ಎದೆ ತಟ್ಟಿ ಹೇಳಿಕೊಳ್ಳುವ ಹೆಸರು ಅದು.

16ನೇ ಶತಮಾನದ ನಡುವಿನಿಂದ ಗಾಳಿ ಬದಲಾಯಿತು. ಹೊಸದಾಗಿ ಹುಟ್ಟಿದ ಮಂಗರ್ ಪದಗಳೆಲ್ಲ ಹೆಚ್ಚುಕಡಿಮೆ ಬಯ್ಗುಳಗಳೇ. ನ್ಯೂಸ್‌ಮಂಗರ್ ಅಂದರೆ ಊರ ಸುದ್ದಿ ಹೊತ್ತು ತಿರುಗುವವನು. 1590ರಲ್ಲಿ ಕವಿ ಸ್ಪೆನ್ಸರ್ ಕಾವ್ಯದಲ್ಲಿ ವಾರ್‌ಮಂಗರ್ ಕಾಣಿಸುತ್ತದೆ. ಅಲ್ಲಿ ಅದಕ್ಕೆ ದುಡ್ಡಿಗಾಗಿ ಯುದ್ಧ ಮಾಡುವ ಬಾಡಿಗೆ ಸೈನಿಕ ಅನ್ನೋ ಅರ್ಥ. ಆಮೇಲೆ ಸ್ಕ್ಯಾಂಡಲ್‌ಮಂಗರ್, ರೂಮರ್‌ಮಂಗರ್, 19ನೇ ಶತಮಾನದ ಕೊನೆಗೆ ಸ್ಕೇರ್‌ಮಂಗರ್, ಈಗ ಹೇಟ್‌ಮಂಗರ್.

ನನ್ನ ಪ್ರಶ್ನೆ ಇಷ್ಟು. ಕನ್ನಡದಲ್ಲಿ ಇದಕ್ಕೆ ಸಮನಾದ ಪ್ರತ್ಯಯ ಯಾವುದು? ಗಾರ? ಕೋರ? ಆಡಿಗ? ಒಂದೇ ಪ್ರತ್ಯಯದಲ್ಲಿ ಮರ್ಯಾದೆಯ ಕಸುಬನ್ನೂ ಬಯ್ಗುಳವನ್ನೂ ಹೇಳುವುದು ನಮ್ಮಲ್ಲಿ ಸಾಧ್ಯವಾ? ನಿಮ್ಮ ಊರಿನಲ್ಲಿ, ನಿಮ್ಮ ಕಸುಬಿನಲ್ಲಿ ಬಳಸುವ ಮಾತು ಹೇಳಿ.

ಶ್ರೀನಿವಾಸಪುರ_ಮಾವು:

ಮೇಡಂ, ಲ್ಯಾಟಿನ್‌ನಲ್ಲಿ 'ಮಾಂಗೊ' ಅಂದ್ರಲ್ಲ, ಅದು ನಮ್ಮ ಮಾವಿನ ಹಣ್ಣೇನಾ? ನಮ್ಮ ತಾಲ್ಲೂಕಿನ ಅರ್ಧ ಜನ ಮಾವಿನ ಮೇಲೆ ಬದುಕುವವರು. ಮಾವು ಮಾರುವವನಿಂದಲೇ ವ್ಯಾಪಾರಿ ಅನ್ನೋ ಪದ ಬಂತಾ?

ಚಿಂತಾಮಣಿ_ಟೀಚರ್:

ಇಲ್ಲ, ಎರಡಕ್ಕೂ ಸಂಬಂಧ ಇಲ್ಲ. ಹಣ್ಣಿನ ಹೆಸರು ನಮ್ಮ ದಕ್ಷಿಣದ್ದೇ. ಮಲಯಾಳದಲ್ಲಿ ಮಾಂಙ, ತಮಿಳಿನಲ್ಲಿ ಮಾಂಗಾಯ್. ಕೇರಳದ ಕರಾವಳಿಗೆ ಬಂದ ಪೋರ್ಚುಗೀಸರು ಅದನ್ನು 'ಮಾಂಗ' ಮಾಡಿಕೊಂಡರು. ಅವರಿಂದ ಇಂಗ್ಲಿಷರಿಗೆ ಹೋಗಿ ಮ್ಯಾಂಗೋ ಆಯಿತು. ರೋಮನ್ನರ ಮಾಂಗೊ ಅದಕ್ಕಿಂತ ಎಷ್ಟೋ ಹಿಂದಿನದು. ಆದರೆ ನಮ್ಮ ಮಾವು, ಮಾವಿನಕಾಯಿ, ತಮಿಳಿನ ಮಾಂಗಾಯ್ ಎಲ್ಲಾ ಒಂದೇ ಮನೆಯವು. ಅದನ್ನು ಖುಷಿಯಾಗಿ ಹೇಳಿಕೊಳ್ಳಬಹುದು.

ಇನ್ನೊಂದು. ಬೀದಿನಾಯಿಗೆ ಹೇಳುವ 'ಮಂಗ್ರೆಲ್' ಕೂಡ ಇದರ ನೆಂಟ ಅಲ್ಲ. ಅದು ಬೆರಕೆ ಅನ್ನೋ ಅರ್ಥದ ಬೇರೆ ಹಳೆಯ ಪದದಿಂದ ಬಂದಿದ್ದು.

ಮಂಡಿ_ಹುಡುಗ_ಕೋಲಾರ:

ಟೀಚರ್, ನಮ್ಮ ಅಪ್ಪನ ಕಾಲದಿಂದ ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇದೆ. ನಿಮ್ಮ ಮಂಗರ್ ಕಥೆ ಓದಿದಾಗ ನನಗೆ 'ದಲ್ಲಾಳಿ' ನೆನಪಾಯಿತು. ಮೂಲದಲ್ಲಿ ಅದು ಅರಬ್ಬಿ ಪದ ಅಂತೆ. ಹರಾಜು ಕೂಗಿ ಮಾರಿಸಿಕೊಡುವವನು ಅಂತ ಅರ್ಥ. ಅಷ್ಟೇ. ನಾವು ಮಾಡೋದೂ ಅದನ್ನೇ. ಬೆಳಗ್ಗೆ ಬಾಕ್ಸ್ ಇಳಿಯುತ್ತವೆ. ಒಂದೊಂದರಲ್ಲಿ 15 ಕೆಜಿ. ಮೇಲಿನ ಸಾಲು ಮಾತ್ರ ನೋಡಿದರೆ ಆಗಲ್ಲ. ಕೈ ಹಾಕಿ ತಳದ ಹಣ್ಣು ಎತ್ತಿ, ತೊಟ್ಟಿನ ಹತ್ತಿರ ಬೆರಳಿನಲ್ಲಿ ಒತ್ತಿ ನೋಡಬೇಕು. ದೆಹಲಿಗೆ ಹೋಗುವ ಮಾಲಿಗೆ ಗಟ್ಟಿ ಹಣ್ಣು, ಇಲ್ಲೇ ಚೆನ್ನೈಗೆ ಹೋಗುವುದಕ್ಕೆ ಸ್ವಲ್ಪ ಬಣ್ಣ ತಿರುಗಿದ್ದೂ ನಡೆಯುತ್ತೆ. ಇದನ್ನೆಲ್ಲ ಕಲಿಯೋದಕ್ಕೆ ವರ್ಷಗಳೇ ಬೇಕು.

ಈಗ 'ದಲ್ಲಾಳಿ' ಅಂದರೆ ಜನಕ್ಕೆ ರೈತನ ರಕ್ತ ಹೀರುವವನು ಅಂತಲೇ ಅರ್ಥ. ಮೋಸ ಮಾಡುವವರು ಇಲ್ಲ ಅಂತ ನಾನು ಹೇಳಲ್ಲ. ತೂಕದಲ್ಲಿ ಹೊಡೆಯುವವರನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಪದವೇ ಕೆಟ್ಟುಹೋದರೆ ಸರಿಯಾಗಿ ಮಾಡುವವನಿಗೆ ತನ್ನ ಕೆಲಸ ಹೇಳಿಕೊಳ್ಳೋಕೆ ಹೆಸರೇ ಇರಲ್ಲ. ನಮ್ಮ ಹುಡುಗರೆಲ್ಲ ಈಗ 'ಕಮಿಷನ್ ಏಜೆಂಟ್' ಅಂತಾರೆ, ಇಲ್ಲಾ 'ಮಂಡಿ ಇಟ್ಟಿದ್ದೀವಿ' ಅಂತಾರೆ.

2023ರ ಜುಲೈನಲ್ಲಿ ಇಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಆಗ ಎಲ್ಲರ ಬಾಯಲ್ಲೂ 'ಲಾಭಕೋರರು'. ರೈತರಿಗೂ ಆ ಸಲ ಒಳ್ಳೆ ದುಡ್ಡು ಬಂತು. ಅದೇ ಹಣ್ಣನ್ನು ಬೆಲೆ ಬಿದ್ದು ರಸ್ತೆ ಬದಿ ಸುರಿಯುವಾಗ ಯಾರೂ ಯಾವ ಹೆಸರನ್ನೂ ಇಡಲ್ಲ.

ತುಮಕೂರು_ಅನುವಾದ:

ಮಂಡಿಯವರೇ, ನಿಮ್ಮ ಮಾತು ಚರ್ಚೆಯ ನಡುಮಧ್ಯಕ್ಕೇ ಬಂತು. ನಾನು ಇಂಗ್ಲಿಷ್ ವರದಿಗಳನ್ನು ಕನ್ನಡ ಮಾಡುವ ಕೆಲಸದಲ್ಲಿದ್ದೇನೆ. 'ಕೋರ' ಬಗ್ಗೆ ನನಗೆ ತಿಳಿದಿದ್ದು ಹೇಳುತ್ತೇನೆ.

ಇದು ಪಾರಸಿಯಿಂದ ಬಂದಿದ್ದು. ಅಲ್ಲಿ 'ಖೋರ್' ಅಂದರೆ ತಿನ್ನುವವನು. ರಿಶ್ವತ್‌ಖೋರ್ ಅಂದರೆ ಲಂಚ ತಿನ್ನುವವನು, ಸೂದ್‌ಖೋರ್ ಅಂದರೆ ಬಡ್ಡಿ ತಿನ್ನುವವನು. ಮರಾಠಿಯಲ್ಲೂ ಲಾಚಖೋರ, ಬಂಡಖೋರ ಇವೆ. ನಮ್ಮಲ್ಲಿ ಲಂಚಕೋರ, ಬಡ್ಡಿಕೋರ, ಚಾಡಿಕೋರ, ಬಂಡುಕೋರ, ದಂಗೆಕೋರ, ದಗಾಕೋರ, ಸುಲಿಗೆಕೋರ. ಒಂದಾದರೂ ಒಳ್ಳೆಯದಿದೆಯಾ? ಹಾಡುಕೋರ, ಬಳೆಕೋರ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಇಲ್ಲ. ಕೋರ ಬರೋದೇ ಬಯ್ಯೋಕೆ.

ಮಂಗರ್ ಹಾಗಲ್ಲ. ಅದು ಅಂಗಡಿ ಇಟ್ಟು ಹೆಸರು ಮಾಡಿ, ಆಮೇಲೆ ಕೆಟ್ಟ ಹೆಸರು ತಗೊಂಡಿದ್ದು. ಹಾಗಾಗಿ ವಾರ್‌ಮಂಗರ್‌ಗೆ ಯುದ್ಧಕೋರ ಸರಿ. ಫಿಶ್‌ಮಂಗರ್‌ಗೆ ಮೀನುಕೋರ ಅಂದರೆ ಅನ್ಯಾಯ.

ಬಾಗೇಪಲ್ಲಿ_ಗಡಿ:

ನಮ್ಮ ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ತೆಲುಗಿನಲ್ಲಿ ಲಂಚ ತಿನ್ನುವವನಿಗೆ 'ಲಂಚಗೊಂಡಿ' ಅಂತೀವಿ. ಚಾಡಿ ಹೇಳುವವನಿಗೆ 'ಚಾಡೀಕೋರು'. ಅಂದರೆ ಒಂದು ಕಡೆ ಗೊಂಡಿ, ಇನ್ನೊಂದು ಕಡೆ ಕೋರು. ಕನ್ನಡದಲ್ಲೂ ಹೀಗೇ ಲಂಚಕೋರ, ಲಂಚಗುಳಿ ಎರಡೂ ಇದೆ ಅಲ್ವಾ? ಶಾಲೆಯ ವ್ಯಾಕರಣ ಪುಸ್ತಕದಲ್ಲಿ ತದ್ಧಿತ ಪ್ರತ್ಯಯಕ್ಕೆ ಕೊಡುವ ಉದಾಹರಣೆಯೇ ಲಂಚಗುಳಿ. ಜನ ಮಾತಾಡುವಾಗ ಮಾತ್ರ ಲಂಚಕೋರ.

ಸಿದ್ಧಗಂಗೆ_ಜಾತ್ರೆ:

ನನಗೊಂದು ಅನುಮಾನ. ಯುದ್ಧಕೋರ ಅಂದರೆ ಯುದ್ಧ ಕೋರುವವನು, ಅಂದರೆ ಯುದ್ಧ ಬೇಕು ಅನ್ನುವವನು ಅಂತಲ್ವಾ? ತುಮಕೂರಿನ ಯಾವ ಸರ್ಕಲ್ಲಿಗೆ ಹೋದರೂ ಫ್ಲೆಕ್ಸ್ ಮೇಲೆ 'ಶುಭ ಕೋರುವವರು' ಅಂತ ದೊಡ್ಡದಾಗಿರುತ್ತೆ. ನಾನು ಇಷ್ಟು ದಿನ ಅದೇ ಕೋರು ಅಂದುಕೊಂಡಿದ್ದೆ.

ತುಮಕೂರು_ಅನುವಾದ:

ಒಳ್ಳೆ ಪ್ರಶ್ನೆ ಅಣ್ಣ. ಎರಡೂ ಬೇರೆ. ಶುಭ ಕೋರು, ಕ್ಷಮೆ ಕೋರು, ಅನುಮತಿ ಕೋರು ಇವೆಲ್ಲ ಕ್ರಿಯಾಪದ. ಬಯಸು, ಬೇಡು ಅಂತ ಅರ್ಥ. ಚಾಡಿಕೋರನ ಕೋರ ಪ್ರತ್ಯಯ. ಚಾಡಿಕೋರ ಚಾಡಿಯನ್ನು ಬಯಸಲ್ಲ, ಹೇಳ್ತಾನೆ. ಲಂಚಕೋರ ಲಂಚ ಬಯಸಿ ಸುಮ್ನೆ ಕೂರಲ್ಲ, ತಿಂತಾನೆ.

ಆದರೆ ನಿಮ್ಮ ಹಾಗೆ ಕೇಳಿಸಿಕೊಳ್ಳುವವರು ತುಂಬಾ ಜನ ಇದ್ದಾರೆ. ಅದರಿಂದ ನಷ್ಟ ಏನಿಲ್ಲ. ವಾರ್‌ಮಂಗರ್ ಅಂದರೆ ಇವತ್ತಿನ ಇಂಗ್ಲಿಷಿನಲ್ಲೂ ಯುದ್ಧ ಆಗಲಿ ಅಂತ ಹುರಿದುಂಬಿಸುವವನೇ. ಅದಕ್ಕೇ ಯುದ್ಧಕೋರ ಅನ್ನೋ ಪದ ಕನ್ನಡದಲ್ಲಿ ಇಷ್ಟು ಸಲೀಸಾಗಿ ಕೂತಿದೆ ಅಂತ ನನ್ನ ಲೆಕ್ಕ.

ಗೂಡು_ಶಿಡ್ಲಘಟ್ಟ:

ನಮ್ಮದು ರೇಷ್ಮೆ. ಮನೆಯಲ್ಲಿ ಎಲ್ಲರೂ ರೀಲರ್‌ಗಳೇ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಬಂದರೆ ಪ್ರತ್ಯಯಗಳ ಸಂತೆಯೇ ಕಾಣುತ್ತೆ. ಸರ್ಕಾರಿ ಕಾಗದದಲ್ಲಿ ನಾವು 'ನೂಲು ಬಿಚ್ಚಾಣಿಕೆದಾರರು'. ಅಲ್ಲಿ 'ದಾರ' ಬಂತು. ಬಾಯಲ್ಲಿ 'ರೀಲರ್'. ಗೂಡು ತರುವವರು 'ಬೆಳೆಗಾರರು'. ಅಲ್ಲಿ 'ಗಾರ'. ಒಂದೇ ಲಾಟ್ ಮುಂದೆ ನಿಂತವರಿಗೆ ಮೂರು ಬಾಲ.

ಗೂಡು ಕೊಳ್ಳುವಾಗ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತೇವೆ. ಒಳಗಿನ ಹುಳ ಗಲಗಲ ಅಂದರೆ ಗೂಡು ಒಣಗಿದೆ, ಸರಿಯಾಗಿ ಕಟ್ಟಿದೆ ಅಂತ. ಸದ್ದು ಬರದಿದ್ದರೆ ಒಳಗೆ ಸತ್ತು ಅಂಟಿರಬಹುದು. ಆಗ ನೂಲು ಕಲೆಯಾಗುತ್ತೆ. ಟೀಚರ್ ಹೇಳಿದ ಲ್ಯಾಟಿನ್ ಮಾತು, ಸರಕಿಗೆ ಬಣ್ಣ ಬಳಿಯುವವನು ಅನ್ನೋದು, ನನಗೆ ಚೆನ್ನಾಗಿ ಅರ್ಥ ಆಯಿತು. ಎಲ್ಲಾ ಮಾರುಕಟ್ಟೆಯಲ್ಲೂ ಆ ಭಯ ಇದ್ದೇ ಇರುತ್ತೆ. ಮೇಲೆ ಚೆನ್ನಾಗಿದೆ, ಒಳಗೇನಿದೆಯೋ ಅಂತ. ಆ ಅನುಮಾನವೇ ಪದಕ್ಕೂ ಅಂಟಿಕೊಂಡಿರಬೇಕು.

ಚಿಂತಾಮಣಿ_ಟೀಚರ್:

ತುಂಬಾ ಚೆನ್ನಾಗಿ ಹೇಳಿದ್ರಿ ಅಣ್ಣ. ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ಹ್ಯಾಮ್ಲೆಟ್ ನಾಟಕದಲ್ಲಿ ರಾಜಕುಮಾರ, ಮಂತ್ರಿ ಪೊಲೋನಿಯಸ್‌ನನ್ನು ನೋಡಿ ನೀನು ಫಿಶ್‌ಮಂಗರ್ ಅನ್ನುತ್ತಾನೆ. ಮಂತ್ರಿ ಅಲ್ಲ ಅನ್ನುತ್ತಾನೆ. ಹಾಗಾದರೆ ಅವನಷ್ಟು ಪ್ರಾಮಾಣಿಕನಾದರೂ ಆಗಿದ್ದರೆ ಚೆನ್ನಾಗಿತ್ತು ಅಂತ ರಾಜಕುಮಾರ ತಿರುಗಿಸಿ ಹೇಳುತ್ತಾನೆ. 1600ರ ಆಸುಪಾಸಿನ ನಾಟಕ. ದೊಡ್ಡ ಮನುಷ್ಯನಿಗೆ ಮೀನು ಮಾರುವವನು ಅಂದರೆ ಅವಮಾನ. ಆದರೆ ಆ ಮೀನು ಮಾರುವವನೇ ಪ್ರಾಮಾಣಿಕ! ಎರಡೂ ಒಂದೇ ಮಾತಿನಲ್ಲಿ ಇವೆ.

ನನಗೆ ಅನ್ನಿಸೋದು ಹೀಗೆ. ಮಂಗರ್ ಅನ್ನೋ ಪ್ರತ್ಯಯ ಬದಲಾಗಲೇ ಇಲ್ಲ. ಅದರ ಅರ್ಥ ಇವತ್ತಿಗೂ 'ಮಾರುವವನು'. ಮಾರುವ ಸರಕು ಬದಲಾಯಿತು. ಮೀನು, ಮೊಳೆ, ಗಿಣ್ಣು ಮಾರಬಹುದು. ಭಯ, ದ್ವೇಷ, ಯುದ್ಧ, ಊರವರ ಮನೆ ಮಾತು, ಇವು ಮಾರುವ ಸರಕಲ್ಲ. ಮಾರಬಾರದ್ದನ್ನು ಮಾರುತ್ತಾನೆ ಅನ್ನೋದೇ ಆ ಬಯ್ಗುಳ. ನಾವೂ ಇದನ್ನೇ ಹೇಳುತ್ತೇವೆ. 'ಶಿಕ್ಷಣ ವ್ಯಾಪಾರ ಆಗಿಹೋಗಿದೆ' ಅನ್ನುವಾಗ ವ್ಯಾಪಾರ ಅನ್ನೋದು ಬಯ್ಗುಳ. 'ನಮ್ಮಣ್ಣ ವ್ಯಾಪಾರ ಮಾಡ್ತಾನೆ' ಅನ್ನುವಾಗ ಅಲ್ಲ. ಹಾಗೆ ನೋಡಿದರೆ ಮಂಗರ್‌ಗೆ ಅರ್ಥದಲ್ಲಿ ತೀರಾ ಹತ್ತಿರದ್ದು ನಮ್ಮ 'ವ್ಯಾಪಾರಿ'. ಯುದ್ಧದ ವ್ಯಾಪಾರಿ, ದ್ವೇಷದ ವ್ಯಾಪಾರಿ. ಕೋರ ಅಂದರೆ ಬಯ್ಗುಳ ಬರುತ್ತೆ, ಆದರೆ ಮಾರಾಟ ಬಿಟ್ಟುಹೋಗುತ್ತೆ.

ತುಮಕೂರು_ಅನುವಾದ:

ಇಲ್ಲಿ ನಾನು ಒಪ್ಪಲ್ಲ ಮೇಡಂ. ದ್ವೇಷದ ವ್ಯಾಪಾರಿ ಅಂತ ಭಾಷಣದಲ್ಲಿ ಹೇಳಬಹುದು. ದಿನಾ ಬರೆಯುವ ಸುದ್ದಿಯಲ್ಲಿ ಅದು ಭಾರ. ಇಂಗ್ಲಿಷಿನವರಿಗೂ ಸ್ಕೇರ್‌ಮಂಗರ್ ಅಂದಾಗ ಅಂಗಡಿ ಕಣ್ಣಿಗೆ ಬರಲ್ಲ. ಬರೀ ಹೆದರಿಸುವವನು ಅಷ್ಟೇ. ಅದರಿಂದ 'ಮಂಗರಿಂಗ್' ಅಂತ ಕ್ರಿಯಾಪದದ ಹಾಗೂ ಮಾಡಿಕೊಂಡಿದ್ದಾರೆ. ಫಿಯರ್‌ಮಂಗರಿಂಗ್ ಅಂದರೆ ಭಯ ಹುಟ್ಟಿಸೋದು. ನಾವೂ ಅದನ್ನೇ ಹೇಳಿದರೆ ಸಾಕು.

ಮಂಡಿ_ಹುಡುಗ_ಕೋಲಾರ:

ಸಾರ್, ನಾನು ಟೀಚರ್ ಕಡೆ. 'ಭಯ ಹುಟ್ಟಿಸುವವನು' ಅಂದರೆ ಅವನಿಗೆ ಅದರಿಂದ ಲಾಭ ಇದೆ ಅನ್ನೋದು ಬರಲ್ಲ. ಕತ್ತಲಲ್ಲಿ ದೆವ್ವದ ಕಥೆ ಹೇಳುವ ಅಜ್ಜಿಯೂ ಭಯ ಹುಟ್ಟಿಸುತ್ತಾಳೆ. ಅವಳು ಸ್ಕೇರ್‌ಮಂಗರಾ?

ತುಮಕೂರು_ಅನುವಾದ:

ಅದು ಸರಿಯಾದ ಏಟು. ಲಾಭದ ವಾಸನೆ ಇರುವ ಕಡೆ ವ್ಯಾಪಾರಿ, ಉಳಿದ ಕಡೆ ಕ್ರಿಯಾಪದ. ಇಷ್ಟಕ್ಕೆ ನಾನು ಒಪ್ಪುತ್ತೇನೆ.

ಡಿಗ್ರಿ_ಗೌರಿಬಿದನೂರು:

ಉಚ್ಚಾರಣೆ ಹೇಗೆ ಅಂತ ಯಾರಾದರೂ ಹೇಳಿ ಪ್ಲೀಸ್. ನಮ್ಮ ಕ್ಲಾಸಲ್ಲಿ ಒಬ್ಬರು ಮಾಂಗರ್, ಇನ್ನೊಬ್ಬರು ಮಾಂಜರ್ ಅಂತಾರೆ. ಪೊಲೀಸ್ ಪ್ರಕಟಣೆಯಲ್ಲಿ 'ರೂಮರ್ ಮಂಗರ್ಸ್' ಅಂತ ಓದಿದ್ದು ಬಿಟ್ಟರೆ ನಾನು ಈ ಪದ ಬೇರೆಲ್ಲೂ ನೋಡಿಲ್ಲ.

ಚಿಂತಾಮಣಿ_ಟೀಚರ್:

ಮಂಗರ್ ಅಂತ ಹೇಳು ಪುಟ್ಟಾ. ಹಸಿವಿಗೆ 'ಹಂಗರ್' ಅಂತೀವಲ್ಲ, ಅದೇ ಪ್ರಾಸ. ಗ ಗಟ್ಟಿಯಾಗಿ ಬರಬೇಕು, ಜ ಅಲ್ಲ. ಸ್ಪೆಲಿಂಗಿನಲ್ಲಿ 'ಓ' ಇದ್ದರೂ 'ಮನಿ', 'ಮಂಕಿ' ಅನ್ನುವಾಗಿನ ಹಾಗೆ 'ಅ' ಸದ್ದು.

ನಮ್ಮ ಮಕ್ಕಳು ಫಿಶ್‌ಮಂಗರ್ ಕೇಳಿರಲ್ಲ, ಯಾಕಂದರೆ ಭಾರತದ ಇಂಗ್ಲಿಷಿನಲ್ಲಿ ಅದು ಬಳಕೆಯಲ್ಲಿ ತೀರಾ ಕಡಿಮೆ. ಐರನ್‌ಮಂಗರ್ ಅಂದರೆ ನಮ್ಮ ಹಾರ್ಡ್‌ವೇರ್ ಅಂಗಡಿಯವರು. ನಾವು ಇಂಗ್ಲಿಷಿನಲ್ಲೂ ಹಾರ್ಡ್‌ವೇರ್ ಅಂತಲೇ ಅನ್ನುತ್ತೇವೆ. ನಮಗೆ ಸಿಗೋದು ಪೊಲೀಸ್ ಪ್ರಕಟಣೆಯ ಮಂಗರ್ ಮಾತ್ರ. ಬಯ್ಗುಳ ಮೊದಲು ಗೊತ್ತಾಗಿ, ಕಸುಬು ಆಮೇಲೆ ಗೊತ್ತಾಗುತ್ತೆ. ನನ್ನ ವಿದ್ಯಾರ್ಥಿನಿ ಉಲ್ಟಾ ದಾರಿಯಲ್ಲಿ ಬಂದಿದ್ದಕ್ಕೇ ಅವಳಿಗೆ ಆ ಪ್ರಶ್ನೆ ಹೊಳೆದಿದ್ದು.

ಸಿದ್ಧಗಂಗೆ_ಜಾತ್ರೆ:

ತಳ್ಳುಗಾಡಿಯಲ್ಲಿ ಮಾರುವವರಿಗೆ ಏನಂತಾರೆ ಅಲ್ಲಿ?

ಚಿಂತಾಮಣಿ_ಟೀಚರ್:

ಕಾಸ್ಟರ್‌ಮಂಗರ್! ಕೇಳಿದ್ದು ಒಳ್ಳೆಯದಾಯಿತು. ನನಗೆ ಇದರ ಮೇಲೆ ತುಂಬಾ ಪ್ರೀತಿ. 'ಕಾಸ್ಟರ್ಡ್' ಅಂತ ಒಂದು ಜಾತಿ ದಪ್ಪ ಸೇಬು ಇತ್ತು. ಅದನ್ನು ಮಾರುವವನು ಕಾಸ್ಟರ್‌ಮಂಗರ್. ಕ್ರಮೇಣ ಲಂಡನ್ ಬೀದಿಯಲ್ಲಿ ಗಾಡಿ ಇಟ್ಟು ಹಣ್ಣು, ತರಕಾರಿ, ಮೀನು ಏನು ಮಾರಿದರೂ ಅದೇ ಹೆಸರಾಯಿತು. ಸೇಬು ಹೋಯಿತು, ಹೆಸರು ಉಳಿಯಿತು. 19ನೇ ಶತಮಾನದ ನಡುವಿನಲ್ಲಿ ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಇವರ ಹತ್ತಿರ ಕೂತು ಮಾತಾಡಿಸಿ, ಅವರ ಊಟ, ಸಾಲ, ಬಾಡಿಗೆ ಗಾಡಿ, ಎಲ್ಲವನ್ನೂ ಬರೆದಿಟ್ಟ.

ಪೊಲೀಸರಿಗೂ ಗಿರಾಕಿಗಳಿಗೂ ತಿಳಿಯದ ಹಾಗೆ ಮಾತಾಡೋಕೆ ಇವರು ಪದಗಳನ್ನು ಹಿಂದುಮುಂದಾಗಿ ಹೇಳುತ್ತಿದ್ದರು. ಹುಡುಗ ಅನ್ನೋಕೆ 'ಬಾಯ್' ಬದಲು 'ಯಾಬ್'. ಆ ಯಾಬ್ ಇವತ್ತಿಗೂ ಬ್ರಿಟನ್ನಿನಲ್ಲಿ ಪುಂಡ ಹುಡುಗ ಅನ್ನೋ ಅರ್ಥದಲ್ಲಿ ಬಳಕೆಯಲ್ಲಿದೆ.

ಸಿದ್ಧಗಂಗೆ_ಜಾತ್ರೆ:

ಇದು ನಮ್ಮ ದನದ ಜಾತ್ರೆಯ ಟವೆಲ್ ಕಥೆಯೇ. ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಲ್ಲಿ ದರ ಹೇಳಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಎಷ್ಟು ಬೆರಳು ಹಿಡಿದರು ಅಂತ ಪಕ್ಕದಲ್ಲಿ ನಿಂತವರಿಗೆ ತಿಳಿಯಲ್ಲ. ಮುಖ ನೋಡಿದರೂ ಗೊತ್ತಾಗಲ್ಲ. ಒಬ್ಬರು ತಲೆ ಅಲ್ಲಾಡಿಸಿ ಕೈ ಎಳೆದುಕೊಂಡರೆ ವ್ಯಾಪಾರ ಮುರಿಯಿತು ಅಂತ ಮಾತ್ರ ಗೊತ್ತು.

ಹೂವಿನ_ಅಕ್ಕ_ಚಿಕ್ಕಬಳ್ಳಾಪುರ:

ನಾನು ಓದಿದ್ದು ಕಡಿಮೆ, ಆದರೆ ಎಲ್ಲಾ ಓದಿದೆ. ನಮ್ಮದು ಹೂವು. ಸೇವಂತಿ, ಚೆಂಡು, ಗುಲಾಬಿ ಮಾರ್ಕೆಟ್ಟಿಗೆ ಹಾಕುತ್ತೇವೆ. ನೀವೆಲ್ಲ ಗಂಡಸರ ಪದವನ್ನೇ ಹೇಳ್ತಿದ್ದೀರಿ. ಗಾರ, ಕೋರ, ಆಡಿಗ. ಹೂ ಕಟ್ಟಿ ಮಾರೋದು ಹೆಂಗಸರು. ಹೂವಾಡಗಿತ್ತಿ ಅಂತ ಎಷ್ಟು ಚೆಂದದ ಹೆಸರಿದೆ. ಇಂಗ್ಲಿಷಿನಲ್ಲಿ ಹೆಂಗಸರಿಗೆ ಬೇರೆ ಇದೆಯಾ ಟೀಚರಮ್ಮ?

ಚಿಂತಾಮಣಿ_ಟೀಚರ್:

ಅಕ್ಕಾ, ಮಂಗರ್ ಗಂಡಸಿಗೂ ಹೆಂಗಸಿಗೂ ಒಂದೇ. ಆದರೆ ಮೀನು ಮಾರುವ ಹೆಂಗಸಿಗೆ ಬೇರೆ ಪದ ಇತ್ತು. ಫಿಶ್‌ವೈಫ್. ಅಲ್ಲಿ ವೈಫ್ ಅಂದರೆ ಹೆಂಡತಿ ಅಲ್ಲ, ಹೆಂಗಸು ಅನ್ನೋ ಹಳೆಯ ಅರ್ಥ. ಸೂಲಗಿತ್ತಿಗೆ ಹೇಳುವ 'ಮಿಡ್‌ವೈಫ್'ನಲ್ಲೂ ಅದೇ ವೈಫ್. ಫಿಶ್‌ವೈಫ್ ಗತಿ ಮಾತ್ರ ಕೆಟ್ಟದಾಯಿತು. ಸಂತೆಯಲ್ಲಿ ಗಟ್ಟಿಯಾಗಿ ಕೂಗಿ ಮಾರಬೇಕಲ್ಲ, ಅದಕ್ಕೇ ಈಗ ಬಾಯಿಬಡುಕಿ, ಹೊಲಸು ಮಾತಿನವಳು ಅಂತ ಅರ್ಥ. ಗಂಡಸಿನ ಫಿಶ್‌ಮಂಗರ್ ಇವತ್ತಿಗೂ ಅಂಗಡಿ ಬೋರ್ಡಿನ ಮೇಲಿದೆ. ಹೆಂಗಸಿನ ಫಿಶ್‌ವೈಫ್ ಬಯ್ಗುಳವಾಗಿ ಉಳಿದಿದೆ. ಇಬ್ಬರೂ ಮಾರಿದ್ದು ಒಂದೇ ಮೀನು. ನನಗೆ ಇದು ಓದಿದಾಗಲೆಲ್ಲ ಸಂಕಟ ಆಗುತ್ತೆ.

ಹೂವಾಡಗಿತ್ತಿ, ಬಳೆಗಾರ್ತಿ ಅನ್ನೋ ಪದಗಳಿಗೆ ಹಾಗಾಗಿಲ್ಲ. ಮಕ್ಕಳಿಗೆ ಇವನ್ನೂ ಜೊತೆಯಲ್ಲಿ ಹೇಳಿಕೊಡುತ್ತೇನೆ.

ಹೂವಿನ_ಅಕ್ಕ_ಚಿಕ್ಕಬಳ್ಳಾಪುರ:

ಹೇಳಿಕೊಡಮ್ಮ. ಗಟ್ಟಿಯಾಗಿ ಕೂಗದಿದ್ದರೆ ಮಧ್ಯಾಹ್ನಕ್ಕೆ ಹೂ ಬಾಡುತ್ತೆ, ಯಾರು ಕೊಳ್ತಾರೆ?

ತಿಪಟೂರು_ಲೈಬ್ರರಿ:

ತಡವಾಗಿ ಬಂದೆ. ನಮ್ಮ ಪಂಚಾಯಿತಿ ಲೈಬ್ರರಿ ಬಾಗಿಲಿಗೆ ಒಂದು ನೋಟಿಸ್ ಹಾಕಬೇಕು. ವಾಟ್ಸಾಪ್‌ನಲ್ಲಿ ಕೊಬ್ಬರಿ ರೇಟ್ ಬಗ್ಗೆ ಏನೇನೋ ಮೆಸೇಜ್ ಓಡಾಡಿ ಜನ ಗಾಬರಿಯಿಂದ ಮಾಲು ಮಾರಿಬಿಡುತ್ತಾರೆ. ಇಂಗ್ಲಿಷ್ ಪ್ರತಿಯಲ್ಲಿ 'ರೂಮರ್ ಮಂಗರ್ಸ್' ಅಂತಿದೆ. ಕನ್ನಡದಲ್ಲಿ 'ವದಂತಿಕೋರರು' ಅಂತ ಬರೆಯಲಾ?

ತುಮಕೂರು_ಅನುವಾದ:

ಬೇಡ. ವದಂತಿಕೋರ ಅನ್ನೋದನ್ನು ಬಾಗಿಲ ಮುಂದೆ ನಿಂತು ಓದಿದವರು ಅರ್ಧ ಕ್ಷಣ ನಿಂತು ಯೋಚಿಸಬೇಕಾಗುತ್ತೆ. 'ಸುಳ್ಳು ಸುದ್ದಿ ಹಬ್ಬಿಸುವವರು' ಅನ್ನಿ.

ಮಂಡಿ_ಹುಡುಗ_ಕೋಲಾರ:

ಇಲ್ಲಿ ಲಾಭದ ಮಾತು ಬರಲೇಬೇಕು ಅಣ್ಣ. ರೇಟ್ ಬೀಳುತ್ತೆ ಅಂತ ಹೆದರಿಸಿ ಕಡಿಮೆಗೆ ಕೊಳ್ಳುವವರು ಅವರು. ಸುಮ್ನೆ ಹರಟೆ ಹೊಡೆಯುವವರಲ್ಲ. ಟೊಮೆಟೊದಲ್ಲೂ ಇದೇ ಆಟ ನಡೆಯುತ್ತೆ.

ಚಿಂತಾಮಣಿ_ಟೀಚರ್:

ಹಾಗಾದರೆ ಎರಡು ಸಾಲು ಮಾಡಿ. "ಕೊಬ್ಬರಿ ರೇಟ್ ಬೀಳುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿಸಿ ಕಡಿಮೆ ಬೆಲೆಗೆ ಕೊಳ್ಳುವವರಿದ್ದಾರೆ, ಎಚ್ಚರ. ಮಾಲು ಕೊಡುವ ಮುಂಚೆ ಎಪಿಎಂಸಿಯ ಇವತ್ತಿನ ದರ ಕೇಳಿ." ಪ್ರತ್ಯಯವೇ ಬೇಡ.

ತಿಪಟೂರು_ಲೈಬ್ರರಿ:

ಇದನ್ನೇ ಹಾಕುತ್ತೇನೆ ಮೇಡಂ. 'ಕೊಬ್ಬರಿ' ಬದಲು 'ಉಂಡೆ ಕೊಬ್ಬರಿ' ಅಂತ ಮಾಡಿಕೊಳ್ಳುತ್ತೇನೆ. ನಮ್ಮ ಮಾರ್ಕೆಟ್ಟಿನಲ್ಲಿ ಹರಾಜಾಗುವುದು ಅದೇ.